ಅಕ್ಕೋರು ತಂತಿ ಇಳಿಸಿದ ಮಧ್ಯಾಹ್ನ

ಅಕ್ಕೋರ ಪಿಟೀಲಿನ ಕೈ ಕೆಟ್ಟಿದೆ ಎಂದು ಹುಮನಾಬಾದಿನ ಚಹಾದಂಗಡಿಯಲ್ಲಿ ಯಾರಾದರೂ ಅಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅನ್ನುವವರಿಗೆ ಏನು ಗೊತ್ತು ಮಣ್ಣು! ಆವತ್ತು ಅವರ ಪಕ್ಕದಲ್ಲಿ ಕೂತು ತಬಲಾ ನುಡಿಸಿದವನು ನಾನು. ಅವರು ಯಾರಿಗೂ ಹೇಳಬೇಡ ಅಂದಿದ್ದರು. ಯಾರಿಗಾಗಿ ಅದನ್ನು ಮುಚ್ಚಿಟ್ಟರೋ ಆ ಹುಡುಗಿ ಈಗ ತನ್ನ ಕಾಲ ಮೇಲೆ ನಿಂತಿದ್ದಾಳೆ, ಇನ್ನೆಷ್ಟು ದಿನ ಬಾಯಿ ಮುಚ್ಚಿಕೊಂಡಿರಲಿ?

ಅಕ್ಕೋರು ಮೊದಲು ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು, ಹಾಗಾಗಿ ಊರಿಗೆಲ್ಲ ಅಕ್ಕೋರೇ. ನಾನು ಅವರಿಗೆ ಭಾಯಿ. ಸೊಲ್ಲಾಪುರ, ಪುಣೆ, ಹೈದರಾಬಾದ್, ಧಾರವಾಡ, ಎಲ್ಲಿ ಕರೆದರೂ ಇಬ್ಬರೂ ಹೋಗುತ್ತಿದ್ದೆವು. ಬಸ್ಸಿನಲ್ಲಿ ಅಕ್ಕೋರು ತಮ್ಮ ಪಿಟೀಲಿನ ಪೆಟ್ಟಿಗೆಯನ್ನು ಮಡಿಲಿಂದ ಕೆಳಗಿಡುತ್ತಿರಲಿಲ್ಲ. ಕಂಡಕ್ಟರ್ ಮೇಲಿಡಿ ಅಂದರೆ, "ಕೂಸು ಮಲಗೇದ್ರಿ" ಅನ್ನುತ್ತಿದ್ದರು. ಒಮ್ಮೆ ಪುಣೆಯಲ್ಲಿ ಅವರು ಆಲಾಪ ಮುಗಿಸಿದಾಗ ನಾನು ತಬಲಾ ಶುರು ಮಾಡುವುದನ್ನೇ ಮರೆತು ಕೂತುಬಿಟ್ಟೆ. ಅಂಥ ಕೈ ಅದು.

ಅಂಥವರು ಊರೂರು ನುಡಿಸುವುದು ಬಿಟ್ಟು ಬಸವಕಲ್ಯಾಣದ ಸಂಗೀತ ಸಂಸ್ಥೆಯೊಂದರ ಕಾರ್ಯದರ್ಶಿಯಾಗುತ್ತೇನೆ ಅಂದಾಗ ನಾನು ಕೂಗಾಡಿದೆ. "ಫೈಲು ಹೊತ್ತು ತಿರುಗಾಕ ನಿಮಗೇನು ಬ್ಯಾನಿ ಬಂದದ ಅಕ್ಕೋರ?"

"ಭಾಯಿ, ನಾವಿಬ್ಬರೂ ಊರೂರು ತಿರುಗಿ ನುಡಿಸಿದ್ವಿ. ನಮ್ಮ ಮಂದಿ ಕೂತು ಕೇಳಾಕ ನಮ್ಮ ಕಡಿ ಒಂದು ಜಾಗಾ ಅದ ಏನು, ಹೇಳ್ರಿ?"

ಅಕ್ಕೋರು ಕಾರ್ಯದರ್ಶಿಯಾಗಿಯೇಬಿಟ್ಟರು. ದಿನಾ ಬೆಳಿಗ್ಗೆ ಹುಮನಾಬಾದಿನಿಂದ ಬಸ್ಸು ಹತ್ತಿ ಹೋಗಿ, ಕಚೇರಿ ತೆರೆಯುವ ಮೊದಲು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿ, ಆಮೇಲೆ ಕುರ್ಚಿಗೆ ಕೂಡುತ್ತಿದ್ದರು. ಬರುವ ಗಾಯಕರಿಗೆ ಮುಂಚೆಯೇ ಫೋನ್ ಮಾಡಿ ಶ್ರುತಿ ಯಾವುದು, ಖಾರ ಎಷ್ಟು ತಿನ್ನುತ್ತೀರಿ, ಎರಡನ್ನೂ ಕೇಳುತ್ತಿದ್ದರು. ಯಾರೋ ದೊಡ್ಡವರ ಅಳಿಯನಿಗೆ ಹಾಡಲು ಅವಕಾಶ ಕೊಡಿ ಎಂದು ಒತ್ತಡ ಬಂದಾಗ, "ಬರ್ಲಿರಿ, ಮೊದಲ ನಮ್ಮ ಮುಂದ ಹಾಡ್ಲಿ. ಸೇರಲಿಲ್ಲಂದ್ರ ಚಹಾ ಕುಡಿಸಿ ಕಳಸ್ತೀವಿ" ಅಂದರು. ಅಳಿಯ ಬರಲೇ ಇಲ್ಲ. ನಾಲ್ಕು ಜನ ಬರುತ್ತಿದ್ದ ಸಭಾಂಗಣಕ್ಕೆ ಹುಲಸೂರು, ನಿರ್ಣಾದಿಂದಲೂ ಮಂದಿ ಬರತೊಡಗಿದರು. ಒಪ್ಪಿಕೊಳ್ಳಬೇಕು, ಹೆಣ್ಣುಮಗಳು ಸಾಧಿಸಿಬಿಟ್ಟರು.

ಆದರೆ ಒಂದು ಹಟ. ಕುರ್ಚಿಯಲ್ಲಿರುವ ತನಕ ಈ ಸಂಸ್ಥೆಯ ವೇದಿಕೆ ಮೇಲೆ ತಾನು ನುಡಿಸುವುದಿಲ್ಲ. "ಕುರ್ಚಿನೂ ನಂದ, ಜಮಖಾನಾನೂ ನಂದ ಅಂದ್ರ ಮಂದಿ ಏನಂದಾರು?" ಅನ್ನುತ್ತಿದ್ದರು.

ಆ ಹಟ ಮುರಿದದ್ದು ರಾಜೇಶ್ವರ ಎಂಬ ಊರಿನ ಒಬ್ಬ ಹುಡುಗಿಗಾಗಿ. ಅಕ್ಕೋರ ಹತ್ತಿರವೇ ಹಾಡು ಕಲಿತವಳು. ದನಿ ಅಂದರೆ ದನಿ! ಅವಳನ್ನು ಧಾರವಾಡಕ್ಕೆ ಕಳಿಸಿ ಮುಂದೆ ಕಲಿಸಬೇಕೆಂದು ಅಕ್ಕೋರಿಗೆ ಆಸೆ. ಅವಳಪ್ಪನದು ಊರಲ್ಲಿ ಬೀಜ ಗೊಬ್ಬರದ ಅಂಗಡಿ. ಒಳ್ಳೆಯ ಮನುಷ್ಯ, ಆದರೆ ಮಾತು ಕಡ್ಡಿ ಮುರಿದ ಹಾಗೆ. "ಒಂದು ಸಲ ಮಂದಿ ಮುಂದ ಹಾಡ್ಲಿರಿ. ಚಲೋ ಆತಂದ್ರ ಧಾರವಾಡ. ಮಂದಿ ನಕ್ಕರ ಮುಗೀತು, ಮನ್ಯಾಗ ಇರ್ಲಿ" ಅಂದಿದ್ದರು.

ಕಾರ್ಯಕ್ರಮದ ದಿನ ಮಧ್ಯಾಹ್ನ ಹಾರ್ಮೋನಿಯಂನವರು ಜ್ವರ ಬಂದು ಮಲಗಿದ್ದೇನೆ ಎಂದು ಫೋನ್ ಮಾಡಿದರು. ಹುಡುಗಿಯ ಮುಖ ಸುಣ್ಣದ ಗೋಡೆಯಂತೆ ಬಿಳುಪೇರಿತು. ಅಕ್ಕೋರು ಕಚೇರಿಗೆ ಹೋಗಿ ಪಿಟೀಲು ತಂದರು. ಎಷ್ಟೋ ವರ್ಷಗಳ ನಂತರ ಅವರನ್ನು ವೇದಿಕೆ ಮೇಲೆ ಕಂಡು ಹಳೆಯ ರಸಿಕರೆಲ್ಲ ಚಪ್ಪಾಳೆ ಹೊಡೆದರು. ಹುಡುಗಿಯ ಅಪ್ಪ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು.

ಹುಡುಗಿ ಭೀಮಪಲಾಸಿ ಎತ್ತಿಕೊಂಡಳು. ಅಕ್ಕೋರು ಅವಳ ಹಿಂದೆಯೇ, ಅವಳ ದನಿ ಮುಗಿದಲ್ಲಿ ಮೆಲ್ಲಗೆ ಕಮಾನು ಎಳೆಯುತ್ತ ಹೊರಟರು. ಇನ್ನೇನು ರಂಗೇರಬೇಕು, ಹಾಳಾದ ಕರೆಂಟು ಹೋಯಿತು! ಸಭಾಂಗಣ ಚಿಕ್ಕದು, ಮೈಕಿಲ್ಲದಿದ್ದರೂ ನಡೆಯುತ್ತದೆ. ಆದರೆ ನಮ್ಮ ತಂಬೂರಿ ಕರೆಂಟಿನ ಪೆಟ್ಟಿಗೆ. ಅದು ಗಪ್ಪಾಯಿತು. ಹಿಡಿದುಕೊಳ್ಳಲು ಶ್ರುತಿ ಇಲ್ಲದೆ, ಹೆದರಿದ ಹುಡುಗಿಯ ಆಧಾರ ಸ್ವರ, ಷಡ್ಜ, ಎಳೆ ಎಳೆಯಾಗಿ ಕೆಳಗಿಳಿಯತೊಡಗಿತು.

ಅಕ್ಕೋರು ತಮ್ಮ ಸರಿ ಸ್ವರವನ್ನು ಗಟ್ಟಿಯಾಗಿ ಹಿಡಿದಿದ್ದರೆ ಅವರ ಮಾನ ಉಳಿಯುತ್ತಿತ್ತು. ಹುಡುಗಿ ಬೇಸುರಾದಳೆಂದು ಸಭೆಗೆಲ್ಲ ತಿಳಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಹುಡುಗಿ ಇಳಿದಷ್ಟು ತಾವೂ ಬೆರಳು ಜಾರಿಸುತ್ತ ಇಳಿದರು. ಬೆರಳಿಡದೆ ನುಡಿಸುವ ತಂತಿ ಹಳೆಯ ಶ್ರುತಿಯಲ್ಲೇ ನುಡಿದು ಗುಟ್ಟು ಬಿಟ್ಟುಕೊಡುತ್ತದೆಂದು ಅದನ್ನು ಮುಟ್ಟಲೇ ಇಲ್ಲ. ಪಿಟೀಲು ಜಾರಬಹುದು, ನನ್ನ ತಬಲಾ ಜಾರುತ್ತದೆಯೇ? ಅದು ಹಳೆಯ ಷಡ್ಜದಲ್ಲೇ ಠಣ್ ಎನ್ನುತ್ತಿತ್ತು. ಅಕ್ಕೋರು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಬಲಗೈಯ ತಬಲಾ ನಿಲ್ಲಿಸಿ, ಸ್ವರದ ಕಟ್ಟಿಲ್ಲದ ಎಡಗೈಯ ಡಗ್ಗಾ ಮೇಲೆ ತಾಳ ಸಾಗಿಸಿದೆ. ಹಾಡು ನಡೆಯಿತು, ಜನ ತಲೆದೂಗಿದರು.

ಅಷ್ಟರಲ್ಲಿ ಕರೆಂಟು ಬಂತು. ತಂಬೂರಿ ಪೆಟ್ಟಿಗೆ ಮೇಲಿನ ಶ್ರುತಿಯಲ್ಲಿ ಒದರತೊಡಗಿತು, ಇವರಿಬ್ಬರೂ ಕೆಳಗೆ. ಕಿವಿ ಇದ್ದವರೆಲ್ಲ ಮುಖ ಕಿವುಚಿದರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ನಿಲ್ಲಿಸಿಬಿಟ್ಟಳು. ಅವಳಪ್ಪ ಕುರ್ಚಿಯಿಂದ ಅರ್ಧ ಎದ್ದರು.

ಅಕ್ಕೋರು ಕಮಾನು ಮೇಲೆತ್ತಿದರು. "ತಪ್ಪು ನಂದ್ರಿ" ಅಂದರು, ಎಲ್ಲರಿಗೂ ಕೇಳುವಂತೆ. "ನನ್ನ ತಂತಿ ಇಳದಾವ. ಭಾಳ ದಿನ ಆತು ನೋಡ್ರಿ ನುಡಿಸಿ, ನನಗ ತಿಳೀಲಿಲ್ಲ. ಕೂಸನ್ನೂ ಕೆಳಗ ಎಳಕೊಂಡು ಹೋದೆ." ನೆಟ್ಟಗಿದ್ದ ತಂತಿಯನ್ನು ಬೇಕೆಂದೇ ಇಳಿಸಿ, ಕಿವಿಗೆ ಹಿಡಿದು, ಮತ್ತೆ ಏರಿಸಿದರು. "ಹೂಂ, ಈಗ ಹಾಡವ್ವ."

ಹುಡುಗಿ ಅವರ ಮುಖವನ್ನೇ ನೋಡಿದಳು. ಅವಳಿಗೆ ಎಲ್ಲ ತಿಳಿದಿತ್ತು. ಕಣ್ಣೊರೆಸಿಕೊಂಡು ಷಡ್ಜ ಹಿಡಿದಳು ನೋಡಿ, ಆಮೇಲೆ ತಿರುಗಿ ನೋಡಲಿಲ್ಲ. ಯಪ್ಪಾ, ಏನು ಹಾಡಿದಳು! ನಾನು ಕೈ ನೋಯುವ ತನಕ ಬಾರಿಸಿದೆ.

ಮುಗಿದ ಮೇಲೆ ಹಳೆಯ ರಸಿಕರೊಬ್ಬರು, "ಕುರ್ಚಿ ಮ್ಯಾಲ ಕೂತು ಕೈ ಹೋತು, ಪಾಪ" ಎನ್ನುತ್ತ ಹೋದರು. ನಾನು ಹಿಂದೆಯೇ ಎದ್ದೆ. ಅಕ್ಕೋರು ನನ್ನ ಅಂಗಿ ಹಿಡಿದು ಕೂಡಿಸಿದರು. "ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ ಭಾಯಿ. ಅವರಪ್ಪಗ ಗೊತ್ತಾದ್ರ ಎಲ್ಲಾ ಹಾಳು."

ಅಷ್ಟರಲ್ಲಿ ಆ ಅಪ್ಪನೇ ಬಂದರು. ಅಕ್ಕೋರಿಗೆ ಕೈಮುಗಿದು ಹೇಳಿಯೇಬಿಟ್ಟರು.

"ಸಿಟ್ಟಾಗಬ್ಯಾಡ್ರಿ ಅಕ್ಕೋರ. ನೀವು ಕಲಿಸಿದ್ದು ಕಲಿಸಿದ್ರಿ. ಇನ್ನ ಮುಂದ ಧಾರವಾಡದಾಗ ನಿಮಗಿಂತ ಸ್ವರ ಗಟ್ಟಿ ಇದ್ದೋರ ಹತ್ರ ಹಾಕೂಣು."

ನಾನು ಮತ್ತೆ ಏಳಹೊರಟೆ. ಅಕ್ಕೋರ ಕೈ ಇನ್ನೂ ನನ್ನ ಅಂಗಿಯ ಮೇಲಿತ್ತು.

"ಅಂದ್ರ ಕಳಸ್ತೀರಿ?"

"ಕಳಸ್ತೀನ್ರಿ. ನಮ್ಮ ಹುಡುಗೀದು ಏನೂ ತಪ್ಪಿಲ್ಲಲ್ಲ."

"ಏನೂ ಇಲ್ರಿ" ಅಂದರು ಅಕ್ಕೋರು. ಪುಣೆಯ ಚಪ್ಪಾಳೆಗೂ ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.