ಆಸಿಂ ಅಮಾವಾಸ್ಯೆಗೆ ತರುತ್ತಿದ್ದ ಟ್ರ್ಯಾಕುಗಳು

ಆಸಿಂ ಕೆಲಸ ಮಾಡುತ್ತಿದ್ದ ಅದಿರಿನ ಕ್ರಷರ್ ತಿಂಗಳಿಗೆ ಒಂದೇ ದಿನ ನಿಲ್ಲುತ್ತಿತ್ತು, ಅಮಾವಾಸ್ಯೆಗೆ. ಅವತ್ತು ಬೆಳಿಗ್ಗೆ ಯಂತ್ರ ತೊಳೆದು, ಕುಂಬಳಕಾಯಿ ಒಡೆದು, ಪೂಜೆ ಮುಗಿಸಿ ಎಲ್ಲರನ್ನೂ ಮನೆಗೆ ಬಿಡುತ್ತಿದ್ದರು. ಜೊತೆಯವರು ಮಲಗಲು ಹೋದರೆ ಆಸಿಂ ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಅಂಗಡಿಗೆ ಬರುತ್ತಿದ್ದ. ಅದಿರಿನ ಧೂಳಿಗೆ ಕೂದಲು, ಹುಬ್ಬು ಎಲ್ಲ ಕೆಂಪು. ಕಾಗದದ ಮಡಿಕೆಯೊಳಗೆ ಒಂದು ಮೆಮೊರಿ ಕಾರ್ಡು, ಅದರಲ್ಲಿ ಆ ತಿಂಗಳು ಅವನು ಮಾಡಿದ ಹೊಸ ಟ್ರ್ಯಾಕು.

ನಮ್ಮದು ಮೊಬೈಲಿಗೆ ಹಾಡು ತುಂಬಿಕೊಡುವ ಅಂಗಡಿ. ಅದಿರಿನ ಬೆಲೆ ಏರಿದ ವರ್ಷಗಳವು. ಟಿಪ್ಪರ್ ಓಡಿಸುವವರು, ಗ್ಯಾರೇಜಿನವರು, ಕ್ರಷರಿನವರು, ಎಲ್ಲರ ಕೈಗೂ ಹೊಸ ಮೊಬೈಲು ಬಂದಿತ್ತು. ಅವರಲ್ಲಿ ಕೆಲವರು ಕೀಬೋರ್ಡು ಕೊಂಡರು. ಇನ್ನು ಕೆಲವರು ಹಳೆಯ ಕಂಪ್ಯೂಟರಿನಲ್ಲಿ ಸದ್ದಿನ ಮೇಲೆ ಸದ್ದು ಕೂರಿಸಿ ತಮ್ಮದೇ ಧಾಟಿ ಕಟ್ಟಿದರು. ಹಾಡುವವರಿಲ್ಲ, ಮಾತಿಲ್ಲ, ಬರೀ ವಾದ್ಯ. ಅದನ್ನು ಕೂತು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ನನಗಿತ್ತು. ತೆಕ್ಕಲಕೋಟೆಯಲ್ಲಿ ಭಜನೆಯವರ ಹಾರ್ಮೋನಿಯಂ ನೋಡಿ ನೋಡಿ ಕಲಿತವಳು ನಾನು. ಕಂಪ್ಯೂಟರನ್ನೂ ಹಾಗೆಯೇ ಕಲಿತೆ. ಯಾರು ಟ್ರ್ಯಾಕು ತಂದರೂ ಮೊದಲ ಸಲ ಕಣ್ಣು ಮುಚ್ಚಿ ಪೂರ್ತಿ ಕೇಳುತ್ತಿದ್ದೆ. ಎರಡನೇ ಸಲ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಮೊದಲು ಚೆನ್ನಾಗಿರುವ ಎರಡು ಮೂರು ಮಾತು ಹೇಳಿ, ಆಮೇಲೆ ಒಂದೇ ಒಂದು ಕೊರತೆ, ಅದೂ ‘ಹಿಂಗ ಮಾಡಿದ್ರ ಇನ್ನೂ ಚೆಂದ’ ಎನ್ನುವ ರೀತಿಯಲ್ಲಿ. ಮನುಷ್ಯ ದುಡಿದು ದಣಿದು ಮಾಡಿದ್ದನ್ನು ಒರಟಾಗಿ ಮುಟ್ಟಬಾರದು ಎಂದು ನಂಬಿದ್ದೆ.

ಆಸಿಂನ ಊರು ಕುರುಗೋಡು. ಅವನ ತಂದೆ ನಬೀಸಾಬ್ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಆಮೇಲೆ ದಮ್ಮು ಹತ್ತಿ ಹಾಸಿಗೆ ಹಿಡಿದಿದ್ದರು. ತಾಯಿ ಫಕೀರಬಿ. ಮೂವರ ಊಟ, ನಬೀಸಾಬರ ಔಷಧ ಎಲ್ಲ ಕ್ರಷರಿನ ಸಂಬಳದಲ್ಲೇ ನಡೆಯಬೇಕು. ಕಲ್ಲು ಪುಡಿಮಾಡುವ ಯಂತ್ರದ ದವಡೆಯ ಪಕ್ಕದಲ್ಲೇ ದಿನಕ್ಕೆ ಹತ್ತು ತಾಸು ಅವನ ನಿಲುವು. ಇಪ್ಪತ್ತಾರು ವರ್ಷದವನು, ನಗಿಸುವ ಮಾತಿನವನು.

ಅವನ ಮೊದಲ ಟ್ರ್ಯಾಕು ಕೇಳಿದಾಗಲೇ ಇವನು ಬೇರೆ ಎಂದು ಗೊತ್ತಾಯಿತು. ಅದಿರು ಸಾಗಿಸುವ ರಬ್ಬರ್ ಬೆಲ್ಟಿನ ತಡತಡ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಅದನ್ನೇ ತಾಳ ಮಾಡಿದ್ದ. ಅದರ ಮೇಲೆ ಅವನ ತಂದೆ ಊದುತ್ತಿದ್ದಂಥ ಒಂದು ಧಾಟಿ, ಧಾಟಿಯ ತುದಿ ತುದಿಗೆ ಕೀಬೋರ್ಡಿನ ತೀರಾ ಮೇಲಿನ, ಸಣ್ಣ ಗಂಟೆಯಂಥ ಸ್ವರ. ಎರಡನೆಯದು, ಮೂರನೆಯದೂ ಅಷ್ಟೇ ಚೆಂದ. ಕೊಳಲು ಬರುವಾಗ ತಬಲಾ ಸುಮ್ಮನಿರಲಿ ಎಂದರೆ ಮುಂದಿನ ಅಮಾವಾಸ್ಯೆಗೆ ಅದನ್ನು ಸರಿಮಾಡಿಕೊಂಡೇ ಬರುತ್ತಿದ್ದ. ಹೇಳಿದ್ದನ್ನು ಅಷ್ಟು ಶ್ರದ್ಧೆಯಿಂದ ಕೇಳುವವರನ್ನು ನಾನು ಮತ್ತೆ ನೋಡಿಲ್ಲ.

ಆರನೆಯ ಟ್ರ್ಯಾಕಿನಲ್ಲಿ ಗಂಟೆ ಸ್ವಲ್ಪ ಚುಚ್ಚಿತು. ಚೀಟಿಯಲ್ಲಿ ಬರೆದೆ, ಬಾಯಲ್ಲಿ ಹೇಳಲಿಲ್ಲ. ಅವತ್ತು ಅವನಿಗೆ ಬೇರೊಂದು ಕೊರತೆ ಹೇಳಿಯಾಗಿತ್ತು. ಎಂಟನೆಯದರಲ್ಲಿ ಹೇಳಿದೆ, ಅದೂ ನನ್ನ ರೀತಿಯಲ್ಲೇ: ಗಂಟೆ ಬಹಳ ಚೆಂದವಿದೆ, ಒಂದು ಎಳೆ ಇಳಿಸಿದರೆ ಇನ್ನೂ ಚೆಂದ. ಆಗಲಿ ಎಂದ. ಒಂಬತ್ತನೆಯದರಲ್ಲಿ ಅದು ಇನ್ನೂ ಏರಿತ್ತು. ಇವನಿಗೆ ಹೀಗೇ ಇಷ್ಟವೇನೋ, ಅವರವರ ರುಚಿ ಎಂದುಕೊಂಡು ಸುಮ್ಮನಾದೆ. ಮುಂದೆ ಮತ್ತೆ ಆ ಮಾತು ಎತ್ತಲಿಲ್ಲ.

ಹದಿನಾಲ್ಕನೆಯ ಟ್ರ್ಯಾಕಿನ ಹೊತ್ತಿಗೆ ಆಸಿಂಗೆ ಒಂದು ದಾರಿ ತೆರೆದಿತ್ತು. ಬಳ್ಳಾರಿಯಲ್ಲೇ ಅಯ್ಯಣ್ಣ ಎನ್ನುವವರು ರೆಕಾರ್ಡಿಂಗ್ ಕೋಣೆ ನಡೆಸುತ್ತಿದ್ದರು. ದೇವರ ಹಾಡು, ಗಣಿ ಸಾಹುಕಾರರ ಹುಟ್ಟುಹಬ್ಬದ ಹಾಡು, ಎಲ್ಲಕ್ಕೂ ಅಲ್ಲೇ ಸಂಗೀತ ಕೂರಿಸುತ್ತಿದ್ದರು. ಕೀಬೋರ್ಡು ನುಡಿಸಿ, ಸದ್ದುಗಳನ್ನು ಹದವಾಗಿ ಬೆರೆಸಿಯೂ ಕೊಡುವ ಒಬ್ಬ ಕಾಯಂ ಮನುಷ್ಯ ಅವರಿಗೆ ಬೇಕಿತ್ತು. ಹತ್ತು ದಿನದೊಳಗೆ ಒಂದು ಟ್ರ್ಯಾಕು ತಂದು ತೋರಿಸು ಎಂದು ಆಸಿಂಗೆ ಹೇಳಿದ್ದರು. ಅದಾದರೆ ಕ್ರಷರ್ ಬಿಡಬಹುದು. ಅವನು ಆ ಮಾತನ್ನು ನನಗೆ ಎರಡೆರಡು ಸಲ ಹೇಳಿದ.

ಅದಕ್ಕೆಂದೇ ಮಾಡಿದ ಟ್ರ್ಯಾಕನ್ನು ಅವನು ನನಗಿಂತ ಮೊದಲು ಸಿರುಗುಪ್ಪದಲ್ಲಿ ಕೇಳಿಸಿದ್ದ. ಅಲ್ಲಿ ಒಂದು ಅಕ್ಕಿ ಗಿರಣಿಯ ಆ ಅಮಾವಾಸ್ಯೆಯ ಪೂಜೆಗೆ ಮೈಕ್ ಸೆಟ್ಟಿನ ಸುಂಕಣ್ಣ ಸ್ಪೀಕರ್ ಕಟ್ಟಿದ್ದ. ಅವನೂ ಆಸಿಂನೂ ಗೆಳೆಯರು. ಊಟಕ್ಕೆ ಕೂತ ಜನರ ಮುಂದೆ ಟ್ರ್ಯಾಕು ಹಚ್ಚಿದ ಅರ್ಧ ನಿಮಿಷಕ್ಕೆ ಹೆಂಗಸರು ಕಿವಿ ಮುಚ್ಚಿಕೊಂಡರಂತೆ, ತೊಟ್ಟಿಲ ಕೂಸು ಚೀರಿತಂತೆ. ಸುಂಕಣ್ಣ ವೈರು ಕಿತ್ತು ಎಲ್ಲರೆದುರಿಗೇ ಅಂದಿದ್ದ: “ಲೇ ಆಸಿಂ, ಇದು ಹಾಡೋ, ಗರಗಸಕ್ಕ ಸಾಣಿ ಹಿಡಿಯಾದೋ? ಎಂಜಲೆಲಿಗೆ ಕಾಯ್ಕೊಂಡು ಕುಂತಿದ್ದ ನಾಯಿಗಳೂ ಎದ್ದು ಹೋದ್ವು ನೋಡು.”

ಅಲ್ಲಿಂದ ನೇರ ಬಸ್ಸು ಹತ್ತಿ ನನ್ನಲ್ಲಿಗೆ ಬಂದಿದ್ದ.

“ಅವನ ಸ್ಪೀಕರ್ ಅಂದ್ರ ಹಂಡೆದಾಗ ತಲಿ ಇಟ್ಟು ಕೂಗಿದಂಗ, ಅಕ್ಕ. ನೀವು ಹೇಳ್ರಿ, ತಪ್ಪು ಅವನ ಡಬ್ಬಾದ್ದೋ, ನಂದೋ?”

ಹಚ್ಚಿದೆ. ಹಲ್ಲು ಜುಮ್ಮೆಂದಿತು. ಅವನು ಮಾತ್ರ ಮುಖ ಅಲುಗಿಸದೆ, ಮೆಚ್ಚಿಗೆಗೆ ಕಾದು ಕೂತಿದ್ದ. ಆ ಮುಖ ನೋಡಿ ನನಗೆ ಏನೋ ಭಯವಾಯಿತು. ಚಹಾ ತಾ ಎಂದು ಅವನನ್ನು ಹೊರಗೆ ಕಳಿಸಿ, ಕಂಪ್ಯೂಟರಿನಲ್ಲಿ ಅವನ ಹೆಸರಿನ ಫೋಲ್ಡರ್ ತೆರೆದೆ. ಹದಿನಾಲ್ಕೂ ಇದ್ದವು, ಅಮಾವಾಸ್ಯೆಯ ತಾರೀಖಿನ ಸಮೇತ. ಮೊದಲಿಂದ ಒಂದೊಂದರ ಸ್ವಲ್ಪ ಸ್ವಲ್ಪ ಕೇಳುತ್ತಾ ಬಂದೆ. ಐದರವರೆಗೆ ಗಂಟೆ ಮೆತ್ತಗಿದೆ. ಆರರಲ್ಲಿ ಏರಿದೆ, ಒಂಬತ್ತರಲ್ಲಿ ಮತ್ತೆ, ಹನ್ನೊಂದರಲ್ಲಿ ಮತ್ತೆ. ಇಳಿದದ್ದು ಒಮ್ಮೆಯೂ ಇಲ್ಲ. ಇದು ರುಚಿಯಲ್ಲ. ಕೇಳಿಸದ್ದನ್ನು ಕೇಳಿಸಿಕೊಳ್ಳಲು ಅವನು ಪ್ರತಿ ತಿಂಗಳೂ ಅದನ್ನು ಏರಿಸುತ್ತಾ ಬಂದಿದ್ದ. ಒಬ್ಬ ಮನುಷ್ಯನ ಕಿವಿ ಹೋಗುತ್ತಿರುವುದು ನನ್ನ ಕಂಪ್ಯೂಟರಿನಲ್ಲಿ ತಾರೀಖು ಹಾಕಿ ಕೂತಿತ್ತು. ನಾನು ಅದರ ಮೇಲೆ ಚೆಂದೈತಿ, ಚೆಂದೈತಿ ಎಂದು ಹೇಳುತ್ತಾ ಬಂದಿದ್ದೆ.

ಚಹಾ ತಂದ. ಶಟರ್ ಅರ್ಧ ಇಳಿಸಿ, ಅವನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಅಂಗಡಿಯ ಕೀಬೋರ್ಡಿನಲ್ಲಿ ಅದೇ ಸಣ್ಣ ಗಂಟೆಯ ಸ್ವರ ಇಟ್ಟು, ಸದ್ದು ಕಡಿಮೆ ಮಾಡಿ, ಕೇಳಿದಾಗೆಲ್ಲ ಕೈ ಎತ್ತು ಎಂದೆ. ನಗುತ್ತಲೇ ಕೂತ. ಕೀಬೋರ್ಡಿನ ಕೆಳಗಿನ ಸ್ವರದ ಮನೆಗಳನ್ನು ಒತ್ತಿದರೆ ಕೈ ಏಳುತ್ತಿತ್ತು. ನಡುವಿನವಕ್ಕೂ ಎದ್ದಿತು. ಮೇಲೆ ಹೋದಂತೆ ತಡವಾಯಿತು. ಆಮೇಲೆ ಕೈ ತೊಡೆಯ ಮೇಲೇ ಉಳಿಯಿತು. ನಾನು ಮೇಲಿನ ಮನೆಗಳನ್ನು ಒಂದೊಂದಾಗಿ ಒತ್ತುತ್ತಲೇ ಇದ್ದೆ. ಅವನು ಸ್ವಲ್ಪ ಹೊತ್ತು ಕಾದು, “ಚಾಲೂ ಮಾಡ್ರಿ ಅಕ್ಕ, ಯಾಕ ನಿಲ್ಸಿದ್ರಿ?” ಎಂದ.

ಅವನು ಹಿಂದೆ ತಿರುಗಿ ನೋಡಿದಾಗ ನನ್ನ ಬೆರಳು ಇನ್ನೂ ಮನೆಯನ್ನು ಒತ್ತಿಕೊಂಡೇ ಇತ್ತು.

ಮರುದಿನ ಅವನ ಜೊತೆಗೆ ಕಿವಿಯ ಡಾಕ್ಟರಲ್ಲಿಗೆ ನಾನೇ ಹೋದೆ. ಅವರು ಪರೀಕ್ಷೆ ಮಾಡಿ, ಇದು ಯಂತ್ರದ ಸದ್ದಿನಿಂದ ಆದದ್ದು, ಮೊದಲು ಹೋಗುವುದು ಮೇಲಿನ ಸಣ್ಣ ಸ್ವರಗಳೇ, ಹೋದದ್ದು ಹೋಯಿತು, ಮದ್ದಿಲ್ಲ, ಉಳಿದದ್ದಾದರೂ ಉಳಿಯಬೇಕೆಂದರೆ ಆ ಜಾಗ ಬಿಡಬೇಕು ಎಂದರು. ಯಾವಾಗಿನಿಂದ ಹೀಗೆ ಎಂದು ಕೇಳಿದರು. ಆಸಿಂ ಗೊತ್ತಿಲ್ಲ ಎಂದ. ನನಗೆ ಗೊತ್ತಿತ್ತು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಅವನಿಗೆ ಹೇಳಿದೆ, ಆರನೇ ಅಮಾವಾಸ್ಯೆಯಿಂದ.

“ಅವಾಗ್ಲೇ ಗೊತ್ತಿತ್ತಾ ನಿಮಗ?”

ಕಿವಿ ಎಂದು ಗೊತ್ತಿರಲಿಲ್ಲ, ಗಂಟೆ ಹೆಚ್ಚಾಗಿದೆ ಎಂಬುದು ಗೊತ್ತಿತ್ತು ಎಂದೆ.

“ಅಷ್ಟನ್ನ ನೇರ ಹೇಳಿದ್ರ ಸಾಕಿತ್ತಲ್ಲಕ್ಕ,” ಎಂದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಬಸ್ ಸ್ಟ್ಯಾಂಡಿಗೆ ನಡೆದೆವು. ಕುರುಗೋಡಿನ ಬಸ್ಸು ನಿಂತಿತ್ತು. ಅವನು ಹತ್ತಲಿಲ್ಲ. ಅಯ್ಯಣ್ಣನವರು ಕೊಟ್ಟ ಗಡುವಿಗೆ ಇನ್ನೂ ಆರು ದಿನವಿದೆ ಎಂದ. ಆ ಕೆಲಸ ಸಿಕ್ಕದೆ ಕ್ರಷರ್ ಬಿಡುವಂತಿಲ್ಲ, ಕ್ರಷರ್ ಬಿಡದೆ ಕಿವಿ ಉಳಿಯುವಂತಿಲ್ಲ. ನಾನು ಕೂತು ಗಂಟೆ ಇಳಿಸಿಕೊಡಬೇಕಂತೆ, ತಾನೇ ಮಾಡಿದ್ದೆಂದು ಅವನು ಹೇಳುತ್ತಾನಂತೆ. ಕೆಲಸಕ್ಕೆ ಸೇರಿದ ಮೇಲೆ ಏನು ಮಾಡುತ್ತೀ ಎಂದು ಕೇಳಿದೆ. ಸದ್ದಿಗೆ ತಕ್ಕಂತೆ ಕಂಪ್ಯೂಟರಿನ ಪರದೆಯ ಮೇಲೆ ಏಳುವ ಹಸಿರು ಗೆರೆ ನೋಡಿ ಸಾಗಿಸುತ್ತೇನೆ ಎಂದ.

ಅದು ಆಗದ ಮಾತು ಎನ್ನಲು ಬಾಯಿ ತೆರೆದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ.

“ಇಷ್ಟು ದಿನ ನನ್ನ ಮನಸ್ಸು ನೋಯಬಾರದು ಅಂತ ಸುಳ್ಳು ಹೇಳಿದ್ರಿ. ಈಗ ನನ್ನ ಹೊಟ್ಟಿ ಸಲುವಾಗಿ ಒಂದು ಹೇಳ್ರಿ, ಅಕ್ಕ.”

ನಾನು ಒಪ್ಪಿದೆ. ಮನೆಗೆ ಬಂದು ದೇವರಿಗೆ ಸಂಜೆಯ ದೀಪ ಹಚ್ಚಲು ಕೈ ಬರಲಿಲ್ಲ, ಮಗಳ ಕೈಯಿಂದ ಹಚ್ಚಿಸಿದೆ.

ಅವನು ಕೆಲಸಕ್ಕೆ ಮೂರು ದಿನ ರಜೆ ಹಾಕಿದ. ಮೂರು ಮಧ್ಯಾಹ್ನ ಜೊತೆಗೆ ಕೂತೆವು. ನಾನು ಇಳಿಸು ಎಂದರೆ ಇಳಿಸಿದ, ಸಾಕು ಎಂದರೆ ನಿಲ್ಲಿಸಿದ. ತನಗೆ ಈಗ ಗಂಟೆ ಇರುವುದೇ ತಿಳಿಯುವುದಿಲ್ಲ, ಇದೆಯಲ್ಲವೇ ಎಂದು ಪದೇ ಪದೇ ಕೇಳಿದ. ಇದೆ ಎಂದೆ. ನಿಜವಾಗಿಯೂ ಇತ್ತು. ಅವನು ಮಾಡಿದ್ದರಲ್ಲೆಲ್ಲ ಅದೇ ಚೆಂದದ ಟ್ರ್ಯಾಕು.

ಅಯ್ಯಣ್ಣನವರ ಕೋಣೆಗೆ ನಾನೂ ಹೋದೆ. ಅಕ್ಕ ಎಂದು ಪರಿಚಯ ಮಾಡಿಸಿದ, ಮೂಲೆಯ ಕುರ್ಚಿಯಲ್ಲಿ ಕೂತೆ. ಟ್ರ್ಯಾಕು ಮುಗಿದಾಗ ಅಯ್ಯಣ್ಣನವರು ಮತ್ತೊಮ್ಮೆ ಹಚ್ಚಿ ಕೇಳಿದರು. ತುಂಬಾ ಮೆಚ್ಚಿದ್ದರು. ಆಸಿಂನ ಬೆನ್ನು ಆಗಲೇ ಸಡಿಲವಾಯಿತು. ನಾಳೆಯಿಂದಲೇ ಬಾ ಎಂದವರು, ಎದ್ದು ಹೋಗುವ ಮುನ್ನ ಇದೊಂದು ನೋಡು, ಈ ದೇವಿ ಹಾಡಿನಲ್ಲಿ ಗೆಜ್ಜೆ ಜಾಸ್ತಿ ಎಂದು ಹಾಡಿಸಿದವರು ತಕರಾರು ಮಾಡಿದ್ದಾರೆ, ಒಂದಿಷ್ಟು ಹದ ಮಾಡು ಎಂದು ಅವನನ್ನು ಪರದೆಯ ಮುಂದೆ ಕೂರಿಸಿದರು.

ಆಸಿಂ ಹಸಿರು ಗೆರೆಗಳನ್ನು ನೋಡಿದ. ಹಾಡಿನಲ್ಲಿ ಗೆರೆಗಳು ಇಪ್ಪತ್ತು ಮೂವತ್ತಿದ್ದವು. ಒಂದನ್ನು ಇಳಿಸಿದ, ಡೋಲು ಸತ್ತಿತು. ಮತ್ತೆ ಏರಿಸಿದ. ಇನ್ನೊಂದಕ್ಕೆ ಕೈ ಹಾಕಿದ. ಅದು ಗೆಜ್ಜೆಯೇ, ಆದರೆ ಮೇಲಕ್ಕೆ ಸರಿಸುತ್ತಿದ್ದ. ಒಮ್ಮೆ ನನ್ನ ಕಡೆ ನೋಡಿದ. ಮಡಿಲಲ್ಲಿದ್ದ ನನ್ನ ಕೈ ತಾನಾಗಿ ಎದ್ದು, ಅಂಗೈ ಕೆಳಗೆ ಮಾಡಿ, ಇಳಿಸು ಎಂದಿತು. ಅವನು ಇಳಿಸಿದ. ಮತ್ತೆ ನೋಡಿದ. ಸಾಕು ಎಂದು ಬೆರಳು ಮಡಚಿದೆ.

ಅಯ್ಯಣ್ಣನವರು ಇಬ್ಬರನ್ನೂ ನೋಡುತ್ತಿದ್ದರು.

“ಕೆಲಸಕ್ಕ ಬಂದೋರು ಯಾರಮ್ಮ,” ಎಂದರು ಮೆಲ್ಲಗೆ, “ನೀವೋ, ಇವನೋ?”

ಆಸಿಂ ಎದ್ದು ನಿಂತು ತಾನೇ ಎಲ್ಲ ಹೇಳಿದ. ಕ್ರಷರ್, ಡಾಕ್ಟರು, ಮೂರು ಮಧ್ಯಾಹ್ನ. ನನ್ನ ಮೇಲೆ ಒಂದು ಮಾತು ಹಾಕಲಿಲ್ಲ. ಅಯ್ಯಣ್ಣನವರು ಕೆಟ್ಟವರಲ್ಲ. ಧಾಟಿ ಕಟ್ಟುವ ಕೈ ನಿನಗಿದೆ, ಆದರೆ ಈ ಕುರ್ಚಿಗೆ ಬೇಕಾದ್ದು ಕಿವಿ ಎಂದರು. ಯಾವಾಗಲಾದರೂ ಕೀಬೋರ್ಡು ನುಡಿಸುವುದಿದ್ದರೆ ಕರೆಯುತ್ತೇನೆ, ಆ ದಿನದ ಕೂಲಿ ಕೊಡುತ್ತೇನೆ ಎಂದರು. ಮದ್ದು, ಅಕ್ಕಿ ದಿನಾ ಬೇಕಿದ್ದ ಮನೆಗೆ ಅದು ಕೆಲಸವಾಗುವಂತಿರಲಿಲ್ಲ.

ಮರುದಿನ ಆಸಿಂ ಕ್ರಷರಿಗೆ ಹೋದ.

ಮುಂದಿನ ಅಮಾವಾಸ್ಯೆಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನು ಮಾಡಿದರೆ ಫಕೀರಬಿ ಎತ್ತಿ, ಫೋನಿನಲ್ಲಿ ಮಾತು ಅವನಿಗೆ ತಿಳಿಯುವುದಿಲ್ಲ, ನಾನೇ ಹೇಳುತ್ತೇನೆ ಎಂದರು. ಮನೆಯಲ್ಲಿ ಕೀಬೋರ್ಡಿಗೆ ಚಾದರ ಹೊದಿಸಿಟ್ಟಿದ್ದಾನಂತೆ. ಬೇರೆ ಕೆಲಸಕ್ಕೆ ನಾನು ಗೊತ್ತಿದ್ದವರನ್ನೆಲ್ಲ ಕೇಳಿದೆ. ತೆಕ್ಕಲಕೋಟೆಯ ನನ್ನ ತವರಿನವರನ್ನೂ ಕೇಳಿದೆ. ಗದ್ದೆ ಕೂಲಿ ಇತ್ತು, ಅದೂ ಕಾಲುವೆಯಲ್ಲಿ ನೀರಿರುವ ತಿಂಗಳುಗಳಲ್ಲಿ ಮಾತ್ರ. ಅವನ ಸಂಬಳಕ್ಕೆ ಸಮನಾದದ್ದು ಆ ವರ್ಷಗಳಲ್ಲಿ ಗಣಿಯ ಹೊರಗೆ ಎಲ್ಲಿಯೂ ಇರಲಿಲ್ಲ. ದೇವರ ಮುಂದೆ ಕೂತರೂ ಏನು ಬೇಡಿಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ.

ಮೂರನೆಯ ಅಮಾವಾಸ್ಯೆಗೆ ಬಂದ. ಎರಡೂ ಕಿವಿಗೆ ಹತ್ತಿ. ಕಾಗದದ ಮಡಿಕೆ ಮುಂದಿಟ್ಟ. ನಾನು ಹಚ್ಚಿ, ಕಣ್ಣು ಮುಚ್ಚದೆ ಕೇಳಿದೆ. ಗಂಟೆ ಇರಲೇ ಇಲ್ಲ, ಪೂರಾ ತೆಗೆದುಹಾಕಿದ್ದ. ಬೆಲ್ಟಿನ ತಾಳ, ಕೆಳಗಿನ ಸ್ವರಗಳು ಮಾತ್ರ. ಧಾಟಿ ಎರಡು ನಿಮಿಷ ನಡೆದು ಅಲ್ಲಲ್ಲೇ ಸುತ್ತತೊಡಗಿತು.

ಈ ಸಲ ಚೀಟಿ ಬರೆಯಲಿಲ್ಲ. ಮೊದಲು ಹೊಗಳಲೂ ಇಲ್ಲ. ಪರದೆಯ ಕಡೆ ತಿರುಗಿ, ಗೆರೆಯ ಮೇಲೆ ಬೆರಳಿಟ್ಟು ತೋರಿಸುತ್ತಾ ಹೇಳಿದೆ: ಇಲ್ಲಿಂದ ಮುಂದೆ ಹೊಸದೇನೂ ಇಲ್ಲ, ನಡು ಭಾಗ ಖಾಲಿ, ಮುಗಿಸುವುದು ಗೊತ್ತಾಗದೆ ಎಳೆದಿದ್ದೀಯ. ಎಲ್ಲ ಹೇಳಿ ಮುಗಿಸಿದೆ. ನೊಂದನೇನೋ ಎಂದು ನೋಡಿದರೆ, ಪಕ್ಕದಿಂದ ಬಾಗಿ, ಮಾತು ತಿಳಿಯಲು ನನ್ನ ತುಟಿಯನ್ನೇ ನೋಡುತ್ತಿದ್ದ.

“ಇತ್ಲಾಗ ತಿರುಗಿ ಹೇಳ್ರಿ, ಅಕ್ಕ.”

ಕುರ್ಚಿ ತಿರುಗಿಸಿ, ಅವನ ಎದುರಿಗೆ ಕೂತು, ಮೊದಲಿಂದ ಮತ್ತೆ ಹೇಳಿದೆ. ಒಂದನ್ನೂ ಬಿಡಲಿಲ್ಲ.