ಮಾರೆವ್ವನ ಫೋನಿನೊಳಗಿನ ಓಣಿ

ಹನುಮಸಾಗರದ ಮಾರೆವ್ವನಿಗೆ ಐಫೋನ್ ಬಂದ ಸುದ್ದಿ ಅವಳಿಗಿಂತ ಮೊದಲು ಓಣಿಗೆ ಗೊತ್ತಾಯಿತು. ಗಂಗಾವತಿಯಲ್ಲಿ ಲೈನ್‌ಮನ್ ಆಗಿರುವ ಮಗ ಗಾಳೇಶ ಬಸ್ಸಿಳಿದವನೇ ಡಬ್ಬಿಯನ್ನು ಚೀಲಕ್ಕೆ ಹಾಕದೆ, ನಾಲ್ಕು ಜನರಿಗೆ ಕಾಣುವಂತೆ ಕೈಯಲ್ಲೇ ಹಿಡಿದು ಮನೆಯವರೆಗೆ ನಡೆದುಬಂದಿದ್ದ. ಅದು ಸೆಕೆಂಡ್ ಹ್ಯಾಂಡ್ ಎಂದು ಅವನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

"ಯವ್ವಾ, ಆ ಒಡಕ ಫೋನ್ ಇನ್ನ ಒಗದುಬಿಡು. ಇದನ್ನ ಹಿಡಕೊಂಡ ಹೊಲಕ್ಕ ಹೋಗು. ಹೊಲದ ಯಜಮಾನ ಗ್ಯಾನಪ್ಪನ ಕೈಯಾಗೂ ಇಂಥಾದ್ದಿಲ್ಲ" ಎಂದ.

ಒಡಕು ಫೋನೆಂದರೆ ನಾಲ್ಕು ವರ್ಷದ ಹಳೆಯ ಆಂಡ್ರಾಯ್ಡ್. ಗಾಜು ಬಿರಿದಿತ್ತು, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಚಾರ್ಜು ಮುಗಿದಿರುತ್ತಿತ್ತು. ಆದರೂ ಹನ್ನೆರಡು ಮನೆಗಳ ಕೂಲಿ ನಡೆಯುತ್ತಿದ್ದುದು ಅದರಿಂದಲೇ. ಮಾರೆವ್ವ ಬೀಜದ ಹತ್ತಿಗೆ ಕ್ರಾಸಿಂಗ್ ಮಾಡುವ ಹೆಂಗಸರ ಗುಂಪಿಗೆ ಮುಂದಾಳು. ಸಂಜೆ ಮೊಗ್ಗು ಬಿಡಿಸಿ ಅದರೊಳಗಿನ ಗಂಡುಭಾಗ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಸಾಲಿನ ಹೂವು ತಂದು ಮುಟ್ಟಿಸಬೇಕು. ಬಿಸಿಲೇರಿತೋ, ಆ ದಿನದ ಹೂವೆಲ್ಲ ವ್ಯರ್ಥ. ಹೊಲದ ಯಜಮಾನ ಗ್ಯಾನಪ್ಪ ಎಷ್ಟು ಮಂದಿ ಬೇಕೆಂದು ಹೇಳುವುದು ಅದೇ ಬೆಳಿಗ್ಗೆ. ಅರ್ಧ ತಾಸಿನಲ್ಲಿ ಎಲ್ಲರನ್ನೂ ಎಬ್ಬಿಸಿ ಟಂಟಂ ಗಾಡಿ ಹತ್ತಿಸದಿದ್ದರೆ ಮುಂದಾಳುತನವೂ ಇಲ್ಲ, ಹೊಲವೂ ಇಲ್ಲ.

ಇಷ್ಟನ್ನೂ ಮಾರೆವ್ವ ಒಂದಕ್ಷರ ಓದಲು ಬಾರದೆ ನಡೆಸಿಕೊಂಡು ಬಂದಿದ್ದಳು. ಹೇಗೆಂದು ಯಾರೂ ವಿಚಾರಿಸಿರಲಿಲ್ಲ. ಗೊತ್ತಿದ್ದವಳು ಪಕ್ಕದ ಮನೆಯ ಶಬೀನಾ ಒಬ್ಬಳೇ. ಹೊಲಿಗೆ ಮಷಿನ್ನಿನ ಮುಂದೆ ಕೂತೇ ಅವಳು ಗೆಳತಿಗೆ ಒಂದು ವಿದ್ಯೆ ಕಲಿಸಿಕೊಟ್ಟಿದ್ದಳು.

ಹೊಸ ಫೋನನ್ನು ಎರಡು ದಿನ ಮಾರೆವ್ವ ಸೆರಗಿನಿಂದ ಒರೆಸಿದ್ದೇ ಒರೆಸಿದ್ದು. ಹೊಲದಲ್ಲಿ ಹೆಂಗಸರು ಸುತ್ತ ನೆರೆದು ಫೋಟೊ ತೆಗೆಸಿಕೊಂಡರು. ಅವಳಿಗೂ ಬಿಗುಮಾನ ಬರದೆ ಇರಲಿಲ್ಲ, ಸುಳ್ಳೇಕೆ ಹೇಳಬೇಕು. ನಂಬರುಗಳನ್ನೆಲ್ಲ ಫೋನು ಮಾರಿದ ಗಂಗಾವತಿಯ ಅಂಗಡಿಯ ತಾಹೇರ ಮೊದಲೇ ತುಂಬಿಕೊಟ್ಟಿದ್ದ. ಆದರೆ ಅವು ಹೆಸರುಗಳ ಉದ್ದ ಪಟ್ಟಿಯಾಗಿ, ಅದೂ ಇಂಗ್ಲಿಷಿನಲ್ಲಿ, ಒಂದರ ಕೆಳಗೊಂದು ಇಳಿದಿದ್ದವು. ಪಕ್ಕದಲ್ಲಿ ಜೋಳದ ಕಾಳಿನಷ್ಟು ಚಿತ್ರ. ಎರಡು ದಿನ ಶಬೀನಾಳನ್ನು ಎಬ್ಬಿಸಿ ಓದಿಸಿದಳು. ಮೂರನೆಯ ದಿನ ಶಬೀನಾ ತವರಿಗೆ ಹೋಗಿದ್ದಳು. ಮಾರೆವ್ವ ಕಣ್ಣು ಕಿರಿದು ಮಾಡಿ, ಗುಂಪಿನ ದುರಗಮ್ಮನದೇ ಇರಬೇಕೆಂದು ಅಂದಾಜಿಗೆ ಒಂದು ಹೆಸರು ಒತ್ತಿದಳು.

"ದುರಗಮ್ಮಾ, ಇವತ್ತ ಹನ್ನೊಂದ ಮಂದಿ ಸಾಕಂತ. ಆ ಹೇಮಾವತಿನ ಬಿಡೂಣು. ಆಕಿ ಬಾಯಿ ನಡದಷ್ಟು ಕೈ ನಡ್ಯಂಗಿಲ್ಲ. ನೀ ಆಕಿಗೆ ಹೇಳಾಕ ಹೋಗಬ್ಯಾಡ ಮತ್ತ."



"ಯಕ್ಕಾ, ನಾನ ಹೇಮಾವತಿ."

ಆ ದಿನ ಹೇಮಾವತಿ ಬರಲಿಲ್ಲ, ಸರಿ. ಅವಳ ಇಬ್ಬರು ಓರಗಿತ್ತಿಯರೂ ಬರಲಿಲ್ಲ. ಒಂಬತ್ತೇ ಮಂದಿಯ ಕೈಗಳು ಎಷ್ಟೆಂದು ಓಡಿಯಾವು? ಬಿಸಿಲೇರುವ ಹೊತ್ತಿಗೆ ಎರಡು ಸಾಲಿನ ಹೂವು ಹಾಗೇ ಉಳಿದವು. ಗ್ಯಾನಪ್ಪ ಬದುವಿನ ಮೇಲೆ ನಿಂತು, "ಇನ್ನೊಮ್ಮೆ ಹಿಂಗಾತಂದ್ರ ಮಂಗಳೂರಿಂದ ಮಂದಿ ಕರಸ್ತೀನಿ ನೋಡವಾ" ಎಂದ. ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಕಡೆಯದು. ಅಲ್ಲಿಯ ಹೆಂಗಸರು ಕೆಲಸಕ್ಕೆ ಭಾರಿ ಚುರುಕು, ಅದೇ ಮಾರೆವ್ವನ ಹೆದರಿಕೆ. ಸಂಜೆ ಅವಳು ಹೇಮಾವತಿಯ ಮನೆಗೆ ಹೋಗಿ, ಬೈಸಿಕೊಂಡು, ಚಹಾ ಕುಡಿದು ಬಂದಳು. ತವರಿಂದ ಮರಳಿದ ಶಬೀನಾ ಹೊಲಿಗೆಯ ಸೂಜಿ ಚುಚ್ಚಿ ಸಿಮ್ಮನ್ನು ಹೊರತೆಗೆದು ಒಡಕು ಫೋನಿಗೆ ಹಾಕಿಕೊಟ್ಟಳು. ಐಫೋನು ರೇಷ್ಮೆ ಸೀರೆಯ ಮಡಿಕೆಯೊಳಗೆ ಟ್ರಂಕು ಸೇರಿತು.

ಕೆಲಸವೇನೋ ಸರಿಹೋಯಿತು. ಮಗನಿಗೆ ಏನು ಹೇಳುವುದು? ಕಂಬ ಹತ್ತಿ ದುಡಿದ ದುಡ್ಡಿನಲ್ಲಿ ಆಸೆಪಟ್ಟು ತಂದ ಫೋನು. ಬೇಡವೆಂದರೆ ಅವನ ಮುಖ ಹೇಗಾದೀತು ಎಂದು ನೆನೆದೇ ಅವಳಿಗೆ ಎರಡು ದಿನ ಊಟ ಸೇರಲಿಲ್ಲ.

ಭಾನುವಾರ ಬಂದ ಗಾಳೇಶ ಅವ್ವನ ಕೈಯಲ್ಲಿ ಹಳೆಯದನ್ನು ಕಂಡು, ಹೊಸದು ಟ್ರಂಕಿನಲ್ಲಿದೆಯೆಂದು ಕೇಳಿ ತಿಳಿದು ಮುಖ ದಪ್ಪ ಮಾಡಿಕೊಂಡ.

"ಮಂದಿ ಐಫೋನ್ ಬೇಕಂತ ಸಾಯಾಕತ್ಯಾರ. ನೀ ಟ್ರಂಕಿನಾಗ ಇಟ್ಟೀಯಲ್ಲ! ಈ ಡಬ್ಬಾದಾಗ ಅಂಥಾದ್ದೇನೈತಿ?"

ಮಾರೆವ್ವ ಒಡಕು ಫೋನನ್ನು ಅವನ ಕೈಗಿಟ್ಟಳು.

ಪರದೆಯ ಮೇಲೆ ಒಂದು ಹೆಸರೂ ಇರಲಿಲ್ಲ, ಬರೀ ಬಾಗಿಲುಗಳು. ಎಡದಂಚಿಗೆ ಆರು, ಬಲದಂಚಿಗೆ ಆರು, ನಡುವೆ ಖಾಲಿ. ಗಾಳೇಶ ಮೊದಲು ನಗಲು ಹೊರಟವನು ಅಲ್ಲೇ ತಡೆದ. ಈ ಹಸಿರು ಬಾಗಿಲು ದುರಗಮ್ಮನದು. ಅದರ ಎದುರಿಗೆ ಆಡು ಕಟ್ಟಿದ್ದು ಹೇಮಾವತಿಯದು. ಅದರ ಮಗ್ಗುಲಿಗೆ ತಗಡಿನ ಬಾಗಿಲು. ಅವನು ಗೋಲಿಯಾಡಿ ಬೆಳೆದ ಓಣಿ, ಯಾವ ಮನೆಯ ಮುಂದೆ ಯಾವ ಮನೆಯೋ ಹಾಗೇ ಕೂತಿತ್ತು.

"ಮುಖದ ಫೋಟೊ ಹೊಡದ್ರ ಎಲ್ಲಾರೂ ಸೆರಗ ಹೊತ್ತು ಒಂದ ನಮೂನಿ ಕಾಣತಾರ" ಎಂದಳು ಮಾರೆವ್ವ. "ಅದಕ್ಕ ಬಾಗಿಲಾ ಹೊಡದೆ. ಓಣ್ಯಾಗ ನಡಕೋತ ಹೋದಂಗ ಒತ್ತಕೋತ ಹೋಗತೀನಿ. ನೋಡೂದ ಬೇಕಾಗಿಲ್ಲ."

ಇದೇ ಶಬೀನಾ ಕಲಿಸಿದ ವಿದ್ಯೆ. ಬಾಗಿಲು ಮುಟ್ಟಿದರೆ ಆ ಮನೆಗೆ ಫೋನು ಹೋಗುತ್ತದೆ. ಉಳಿದದ್ದೆಲ್ಲ ಮಾರೆವ್ವನದೇ ಬುದ್ಧಿ.

"ಅಷ್ಟ ಅಲ್ಲೇನು, ಇದರಾಗೂ ಮಾಡಿಕೊಡತೀನಿ" ಎಂದು ಗಾಳೇಶ ಐಫೋನ್ ಹಿಡಿದು ಕೂತ. ಹೇಗೋ ಮಾಡಿ ಬಾಗಿಲುಗಳನ್ನು ಪರದೆಗೆ ತಂದ. ಬಲದ ಸಾಲಿಗೆಂದು ಒಂದನ್ನು ಒಯ್ದು ಬಿಟ್ಟರೆ ಅದು ಜಾರಿಕೊಂಡು ಬಂದು ಎಡದ ಬಾಗಿಲಿಗೆ ಅಂಟಿ ನಿಂತಿತು. ಆ ಹಳೆಯ ಮಾದರಿಯ ಐಫೋನಿನಲ್ಲಿ ನಡುವೆ ಖಾಲಿ ಜಾಗ ಬಿಡುವ ಪದ್ಧತಿಯೇ ಇರಲಿಲ್ಲ. ಮತ್ತೆ ಒಯ್ದ, ಮತ್ತೆ ಬಂತು.

ಮಾರೆವ್ವನಿಗೆ ನಗು ತಡೆಯಲಾಗಲಿಲ್ಲ. "ನಡುವಿನ ದಾರೀನ ಒತ್ತುವರಿ ಮಾಡೇತಲ್ಲೋ ಇದು! ಗಾಡಿ ಹೆಂಗ ಹೋಗಬೇಕು?"

ಗಾಳೇಶನೂ ನಕ್ಕುಬಿಟ್ಟ. ನಗುತ್ತಲೇ ಒಡಕು ಫೋನನ್ನು ಮತ್ತೆ ಎತ್ತಿಕೊಂಡು, ಇನ್ನೇನಿದೆ ನೋಡೋಣವೆಂದು ಪರದೆಯನ್ನು ಪಕ್ಕಕ್ಕೆ ಸರಿಸಿದ. ಎರಡನೆಯ ಪುಟದಲ್ಲಿ ಓಣಿ ಇರಲಿಲ್ಲ. ನಟ್ಟನಡುವೆ ಒಂದೇ ಒಂದು ಬಾಗಿಲು, ನೀಲಿ ಬಣ್ಣದ್ದು, ಬೀಗ ಜಡಿದದ್ದು.

"ಇದ್ಯಾವ ಮನಿಯಬೇ?"

"ಅದು ಗಂಗಾವತಿ. ನಿನ್ನ ರೂಮು."

ಅವನಿಗೆ ನೆನಪಾಯಿತು. ಎರಡು ವರ್ಷದ ಹಿಂದೆ, ಕೆಲಸ ಸಿಕ್ಕ ಹೊಸದರಲ್ಲಿ, ಅವ್ವ ಹೇಳದೆ ಕೇಳದೆ ಬಂದಿದ್ದಳು. ಗಾಳಿಗೆ ಬಿದ್ದ ಕಂಬ ನಿಲ್ಲಿಸಲು ಅವನು ಕಾರಟಗಿಗೆ ಹೋಗಿದ್ದ. ಸಂಜೆಯವರೆಗೆ ಕಟ್ಟೆಯ ಮೇಲೆ ಕಾದು, ರೊಟ್ಟಿಯ ಗಂಟನ್ನು ಪಕ್ಕದವರ ಕೈಗೆ ಕೊಟ್ಟು ಕಡೆಯ ಬಸ್ಸಿಗೆ ಹೊರಟುಹೋಗಿದ್ದಳು. ಆ ರಾತ್ರಿ ರೊಟ್ಟಿ ತಿಂದು, ಛಲೋ ಇದ್ದುವೆಂದು ಫೋನಿನಲ್ಲಿ ಹೇಳಿದ್ದ. ಮತ್ತೆ ಬಾ ಎಂದು ಹೇಳಿರಲಿಲ್ಲ.

"ಇಷ್ಟ ದೊಡ್ಡ ಜಾಗದಾಗ ನನ್ನೊಬ್ಬನ್ನ ಇಟ್ಟೀಯಲ್ಲ?"

"ಮತ್ತ ಗಂಗಾವತ್ಯಾಗ ನನಗ ಬ್ಯಾರೆ ಯಾರದಾರೋ?"

ಗಾಳೇಶ ಐಫೋನನ್ನು ಡಬ್ಬಿಗೆ ಹಾಕಿ ಮುಚ್ಚಿದ. ಅವ್ವನ ಕಡೆ ನೋಡಲು ಅವನಿಗೆ ನಾಚಿಕೆಯಾಯಿತು. ಗೂಟದಿಂದ ಅವಳ ಕೈಚೀಲ ತೆಗೆದು ಎದುರಿಗಿಟ್ಟ.

"ತಯಾರಾಗು, ಗಂಗಾವತಿಗೆ ಹೋಗೂಣು. ತಾಹೇರಗ ಇದನ್ನ ವಾಪಸ್ ಕೊಟ್ಟು ನಿನ್ನ ಹಳೀದರಂಥಾದ್ದ ಹೊಸಾದು ತಗೋಳೂಣು. ರಾತ್ರಿ ರೂಮಿನಾಗ ಇರು. ಬೆಳಗ್ಗೆ ಬಾಗಿಲಾ ತಗದು ನಿಂದರತೀನಿ, ಆ ಫೋಟೊ ಬ್ಯಾರೆ ಹೊಡಕೋ."

"ನಾಳಿ ಕ್ರಾಸಿಂಗ್ ಐತೋ" ಎಂದಳು ಮಾರೆವ್ವ. ಹೇಳುತ್ತಲೇ ಫೋನು ಕಸಿದುಕೊಂಡು, ನೋಡದೆ ಒಂದು ಬಾಗಿಲು ಒತ್ತಿ, ನಾಳೆಯ ಮಟ್ಟಿಗೆ ಮಂದಿಯನ್ನು ಕೂಡಿಸುವ ಜವಾಬ್ದಾರಿಯನ್ನು ದುರಗಮ್ಮನಿಗೆ ಒಪ್ಪಿಸಿದಳು.