ಸಂಜೀವಣ್ಣನ ಪಿಜ್ಜಾ ಮತ್ತು ನನ್ನ ನಾಲಿಗೆ

ಸಂಜೀವಣ್ಣ ಯಾವ ತಿಂಡಿಯನ್ನೂ ಮೇಲಿನಿಂದ ನೋಡಿ ನಂಬುತ್ತಿರಲಿಲ್ಲ. ದೋಸೆಯಿರಲಿ, ಚಪಾತಿಯಿರಲಿ, ಮದುವೆ ಮನೆಯ ಹೋಳಿಗೆಯಿರಲಿ, ತಟ್ಟೆಗೆ ಬಿದ್ದ ತಕ್ಷಣ ಎರಡು ಬೆರಳಿನಲ್ಲಿ ಅಂಚು ಎತ್ತಿ, ಕತ್ತು ಬಗ್ಗಿಸಿ, ಅದರ ಅಡಿ ನೋಡುತ್ತಿದ್ದರು. ನಮ್ಮ ಮನೆಗೆ ಮೊದಲ ಸಲ ಬಂದಾಗ ನನ್ನ ಹೆಂಡತಿ ಸುನಂದಾ ಪ್ರೀತಿಯಿಂದ ಬಡಿದು ಹಾಕಿದ ಜೋಳದ ರೊಟ್ಟಿಗೂ ಅದೇ ತಪಾಸಣೆ ನಡೆಯಿತು. "ಅಡಿ ಒಳ್ಳೆದುಂಟು" ಎಂದು ಸರ್ಟಿಫಿಕೇಟು ಕೊಟ್ಟ ಮೇಲೆಯೇ ಅವರು ತುತ್ತು ಮುರಿದದ್ದು. ಸುನಂದಾ ಆ ಮೇಲೆ ಒಂದು ವಾರ ಅದನ್ನೇ ಹೇಳಿಕೊಂಡು ಸಿಟ್ಟಾದಳು.

ಅವರಿಗೆ ಆ ಹಕ್ಕಿತ್ತು ಎನ್ನಿ. ಉಡುಪಿ ಕಡೆಯಿಂದ ಹದಿನಾರರ ವಯಸ್ಸಿಗೆ ಬಂದವರು ಮಲಾಡ್ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತೇ ಮುದುಕರಾಗಿದ್ದರು. ನಿವೃತ್ತಿಯ ದಿನ ಮಾಲೀಕರು ಶಾಲು ಹೊದಿಸಿ ಏನು ಬೇಕು ಎಂದು ಕೇಳಿದರಂತೆ. ಇವರು ಹಳೆಯ ದೋಸೆ ಕಾವಲಿಯನ್ನು ಕೇಳಿದರು. ಬಾಗಿಲಿನಷ್ಟು ದಪ್ಪದ ಆ ಕಬ್ಬಿಣದ ಹಲಗೆಯನ್ನು ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು, ಒಂದು ರೂಮು ಅಡುಗೆಮನೆಯ ಫ್ಲ್ಯಾಟಿನ ಅಡುಗೆಮನೆಯನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟರು. ಅವರ ಹೆಂಡತಿ ಕುಸುಮಕ್ಕ ಒಂದು ಸ್ಟೂಲಿನ ಮೇಲೆ ಗ್ಯಾಸ್ ಒಲೆ ಇಟ್ಟುಕೊಂಡು ಬಾಲ್ಕನಿಯಲ್ಲಿ ಅನ್ನ ಮಾಡಿದರು.

ನಾನು ಅವರ ಮೇಲಿನ ಮಹಡಿಯವನು, ಹುಬ್ಬಳ್ಳಿ ಕಡೆಯವನು, ಮೇಲಾಗಿ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿಡಬೇಕು. ಹತ್ತು ವರ್ಷ ಸೆಕ್ರೆಟರಿಯಾದವನಿಗೆ ನಿಜ ಹೇಳುವ ಅಭ್ಯಾಸ ತಪ್ಪಿಹೋಗಿರುತ್ತದೆ. ನೀರು ಸೋರುತ್ತದೆ ಎಂದರೆ "ನೋಡೋಣ", ಲಿಫ್ಟು ನಿಂತಿದೆ ಎಂದರೆ "ಹೇಳೇನಿ", ಪಕ್ಕದ ಮನೆಯವರ ನಾಯಿ ಕಚ್ಚಿತು ಎಂದರೆ "ಇಬ್ಬರೂ ಸಮಾಧಾನ ತಗೋರಿ". ಈ ಮೂರು ಮಾತಿನಲ್ಲಿ ನಾನು ನಾಲ್ಕು ಚುನಾವಣೆ ಗೆದ್ದಿದ್ದೆ.

ಪಿಜ್ಜಾದ ಕಥೆ ಲಿಫ್ಟಿನಲ್ಲಿ ಶುರುವಾಯಿತು. ಐದನೇ ಮಹಡಿಯ ಮಕ್ಕಳು ತರಿಸಿದ್ದ ಡಬ್ಬಿಯನ್ನು ಸಂಜೀವಣ್ಣ ತೆರೆಸಿ, ಒಂದು ತುಂಡಿನ ಅಂಚನ್ನು ಎತ್ತಿ ನೋಡಿದರು. "ಇದಕ್ಕೆ ಅಡಿಯೇ ಇಲ್ಲವಲ್ಲ ಮಾರಾಯ್ರೆ! ಬರೀ ಮೇಕಪ್ಪು" ಎಂದರು. ಮಕ್ಕಳು ನಕ್ಕರು. ಅವರಲ್ಲಿ ಗಟ್ಟಿಗಿತ್ತಿ ರಿಯಾ, "ಅಂಕಲ್, ಆಪ್ ಬನಾಕೆ ದಿಖಾವೋ ನಾ" ಎಂದಳು. ಮಾಡಿ ತೋರಿಸು ಎಂದರೆ ಕೆಲವರು ಸುಮ್ಮನಾಗುತ್ತಾರೆ. ಇವರು ಮರುದಿನವೇ ಮೈದಾ ತಂದರು.

ತಂದದ್ದು ಮೈದಾ ಒಂದೇ. ಉಳಿದದ್ದೆಲ್ಲ ಮನೆಯಲ್ಲೇ ಹುಟ್ಟಬೇಕು ಎಂದು ಹಟ. ಅಂಗಡಿಯ ಈಸ್ಟು ಮುಟ್ಟಲಿಲ್ಲ. ಇಡ್ಲಿ ಹಿಟ್ಟಿನ ತಳದಲ್ಲಿ ಉಳಿದ ಹುಳಿಯನ್ನೇ ಕಲಸಿ ಹುದುಗು ಬರಿಸಿದರು. ಚೀಸು ಕೊಳ್ಳಲಿಲ್ಲ. ಎರಡು ಲೀಟರ್ ಎಮ್ಮೆ ಹಾಲಿಗೆ ವಿನೆಗರ್ ಹಾಕಿ ಒಡೆಸಿ, ಗಟ್ಟಿಯನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ ಎಳೆದರು. ಕುಸುಮಕ್ಕ ಮೆಟ್ಟಿಲ ಮೇಲೆ ನಿಂತು ಬಿಲ್ಡಿಂಗಿಗೆಲ್ಲ ಕೇಳುವಂತೆ ಹೇಳಿದರು: "ಇಷ್ಟು ವರ್ಷ ಹಾಲು ಒಡೆದ್ರೆ ನಂಗೆ ಬೈತಿದ್ರು. ಈಗ ಇವ್ರೇ ಬೇಕಂತ ಒಡಿಸಿ ಹಗ್ಗ ಮಾಡ್ತಾರೆ. ನಾನು ಸತ್ರೂ ತಿನ್ನುದಿಲ್ಲ."

ಓವನ್ನೂ ಇಲ್ಲ. ಊರಿನಲ್ಲಿ ಅವರ ತಾಯಿ ದಪ್ಪ ರೊಟ್ಟಿ ಬೇಯಿಸುತ್ತಿದ್ದ ಕ್ರಮದಲ್ಲಿ, ಕಾವಲಿಯ ಮೇಲೆ ಪಿಜ್ಜಾ, ಅದರ ಮೇಲೆ ಬೋರಲು ಹಾಕಿದ ಪಾತ್ರೆ, ಪಾತ್ರೆಯ ಬೆನ್ನಿನ ಮೇಲೆ ತೆಂಗಿನ ಗೆರಟೆಯ ಕೆಂಡ. ಹೊಗೆ ಮೂರನೇ ಮಹಡಿಯಿಂದ ಹೊರಟು ಏಳನೆಯದಕ್ಕೆ ಏರಿತು. ನನಗೆ ಒಂದೇ ದಿನ ಆರು ದೂರು ಬಂದವು. "ನೋಡೋಣ" ಎಂದೆ.

ನೋಡಲು ಹೋದವನನ್ನು ಕೂರಿಸಿ, ಸಂಜೀವಣ್ಣ ಅಂಚಿನಲ್ಲಿ ಹೆಸರು ಕೊರೆಸಿದ ಸ್ಟೀಲಿನ ತಟ್ಟೆಯಲ್ಲಿ ಒಂದು ತುಂಡು ಇಟ್ಟರು. ಅಂಚು ಎತ್ತಿ ತೋರಿಸಿದರು. ನಿಜಕ್ಕೂ ಅಡಿ ಅದ್ಭುತವಾಗಿತ್ತು, ಹೊಂಬಣ್ಣ, ಅಲ್ಲಲ್ಲಿ ಕಪ್ಪು ಚುಕ್ಕೆ, ಬೆರಳಲ್ಲಿ ಬಡಿದರೆ ಟಣ್ ಎನ್ನುವಷ್ಟು ಗರಿ. ಮೇಲಿನ ಟೊಮೆಟೊ ಮಾತ್ರ ಗೊಜ್ಜಿಗೂ ಸಾರಿಗೂ ನಡುವೆ ಎಲ್ಲೋ ನಿಂತಿತ್ತು. ಹಿಟ್ಟು ಹುಳಿ, ಮೇಲೆ ಉಪ್ಪು ಬೇರೆ ಜಾಸ್ತಿ.

ಆಗ ಅವರು ಬಾಗಿಲು ಮುಂದೆ ಮಾಡಿ, ಕುಸುಮಕ್ಕನಿಗೂ ಹೇಳದ ವಿಷಯವನ್ನು ನನಗೆ ಹೇಳಿದರು. "ಸೆಕ್ರೆಟ್ರಿಗಳೇ, ನಂಗೆ ರುಚಿ ಗೊತ್ತಾಗುದಿಲ್ಲ. ಆ ದೊಡ್ಡ ಜ್ವರ ಬಂತಲ್ಲ, ಅದರಲ್ಲಿ ಮೂಗೂ ಹೋಯ್ತು, ನಾಲಿಗೆಯೂ ಹೋಯ್ತು. ಬಾಯಿಗೆ ಹಾಕಿದ್ರೆ ಬರೀ ಬಿಸಿ, ಬರೀ ಗಟ್ಟಿ. ಹೋಟ್ಲಲ್ಲಿ ಒಂದೇ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ಧಣಿಗಳು ರೆಸ್ಟ್ ತಗೊಳ್ಳಿ ಅಂದ್ರು. ಜನ ನಿವೃತ್ತಿ ಅಂತ ತಿಳ್ಕೊಂಡಿದ್ದಾರೆ." ಕಾವಲಿಯ ಅಂಚನ್ನು ಬಟ್ಟೆಯಿಂದ ಒರೆಸಿದರು. "ಕಣ್ಣಿಗೆ ಕಾಣುದೆಲ್ಲ ನಾನು ಮಾಡ್ತೇನೆ. ರುಚಿ ಮಾತ್ರ ನೀವು ಹೇಳ್ಬೇಕು. ಗಣಪತಿಗೆ ಬಿಲ್ಡಿಂಗಿನ ಮಕ್ಕಳಿಗೆಲ್ಲ ಮಾಡಿ ಹಾಕ್ತೇನೆ. ಅಷ್ಟು ಆದ್ರೆ ನಾನು ಇನ್ನೂ ಅಡುಗೆ ಭಟ್ಟ ಅಂತ ನಂಗೇ ಗೊತ್ತಾಗ್ತದೆ. ಈಗ ಹೇಳಿ, ಹೇಗುಂಟು?"

ಇಷ್ಟು ಕೇಳಿದ ಮೇಲೆ ಮನುಷ್ಯನಾದವನು ನಿಜ ಹೇಳುತ್ತಾನೆ. ನಾನು ಸೆಕ್ರೆಟರಿ. "ಭಾರಿ ಆಗೇದ್ರಿ ಸಂಜೀವಣ್ಣ. ಫಸ್ಟ್ ಕ್ಲಾಸ್" ಎಂದೆ.

ಅವರ ಮುಖ ಅರಳಿದ್ದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ನನ್ನ ದೊಡ್ಡತನದ ಬಗ್ಗೆ ನನಗೇ ಗೌರವ ಹುಟ್ಟಿತು. ಅಂದಿನಿಂದ ಪ್ರತಿ ಭಾನುವಾರ ಸಂಜೆ ಅದೇ ತಟ್ಟೆಯಲ್ಲಿ ಎರಡು ತುಂಡು ಮೇಲಕ್ಕೆ ಬರತೊಡಗಿದವು. ಪರರ ತಟ್ಟೆ ಬರಿದಾಗಿ ವಾಪಸು ಕಳಿಸಬಾರದು ಎಂಬುದು ಸುನಂದಾಳ ನಿಯಮ. ಹಾಗಾಗಿ ಅದು ಶೇಂಗಾ ಚಟ್ನಿಯನ್ನೋ ಎರಡು ಕರದಂಟನ್ನೋ ಹೊತ್ತು ಕೆಳಗಿಳಿಯುತ್ತಿತ್ತು. ಮಳೆಗಾಲ ಬಂತು, ಹಿಟ್ಟು ಇನ್ನೂ ಬೇಗ ಹುಳಿಯಿತು, ಅದು ಉಕ್ಕುವುದನ್ನು ನೋಡಿ ಹಿಡಿಯಲು ಅವರು ವಾರಕ್ಕೆ ಒಂದಿಷ್ಟು ಉಪ್ಪು ಏರಿಸಿದರು. "ಉಪ್ಪು ಸರಿಯುಂಟಾ? ಸಂಕೋಚ ಬೇಡ" ಎಂದು ಪ್ರತಿ ಸಲ ಕೇಳುತ್ತಿದ್ದರು. "ಸಮ ಅದರಿ" ಎಂದು ಪ್ರತಿ ಸಲ ನಾನು ಹೇಳುತ್ತಿದ್ದೆ. ತುಂಡುಗಳನ್ನು ಗೇಟಿನ ಹತ್ತಿರದ ನಾಯಿಗೆ ಹಾಕುತ್ತಿದ್ದೆ. ಜುಲೈ ಮುಗಿಯುವ ಹೊತ್ತಿಗೆ ನಾಯಿಯೂ ಎದ್ದು ಹೋಗತೊಡಗಿತು.

"ಮನಸ್ಸಿನ್ಯಾಗ ಇದ್ದದ್ದು ಒಮ್ಮೆರೆ ಹೇಳ್ರಿ ಅವ್ರಿಗೆ. ಆ ಮನಷ್ಯಾ ನಿಮ್ಮನ್ನ ನಂಬ್ಯಾನ" ಎಂದಳು ಸುನಂದಾ.

"ಮನಸ್ಸಿಗೆ ಹತ್ತತದ ಅವ್ರಿಗೆ" ಎಂದೆ. ನೊಂದುಕೊಳ್ಳುತ್ತಾರೆ ಎಂಬ ನೆಪ ಎಂಥ ಸುಖದ ಹಾಸಿಗೆ ಎಂಬುದು ಅದರ ಮೇಲೆ ಮಲಗಿದವರಿಗೇ ಗೊತ್ತು.

ಗಣಪತಿ ಕೂತ ಮೂರನೇ ದಿನ ಸಂಜೆ ಪೆಂಡಾಲಿನ ಪಕ್ಕ ಕಾವಲಿ ಇಳಿಯಿತು. ಹೊರಲು ಇಬ್ಬರು ಬೇಕಾದರು. ಬಿಳಿ ಪಂಚೆ, ಬಿಳಿ ಬನಿಯನ್ನು, ಹಣೆಗೆ ಗಂಧ. ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ತಟ್ಟಿ ತಿರುಗಿಸಿ ಕಾವಲಿಗೆ ಹಾಕುವ ಅವರ ಕೈ ನೋಡಲು ದೊಡ್ಡವರೂ ಸಾಲು ನಿಂತರು. ಅಂಥ ಕೈಯನ್ನು ನಾನು ಮತ್ತೆ ನೋಡಿಲ್ಲ. ನಾನು ಮೈಕು ಹಿಡಿದು, "ಹಮಾರೇ ಸಂಜೀವ್ ಅಣ್ಣಾ ಕಾ ಸ್ಪೆಷಲ್" ಎಂದು ಕೂಗಿದೆ. ಚಪ್ಪಾಳೆ ಬಿತ್ತು.

ರಿಯಾ ಮೊದಲ ಕಚ್ಚು ಕಚ್ಚಿದಳು. ಕಣ್ಣು ಮುಚ್ಚಿದಳು. "ಛೀ! ಅಂಕಲ್, ಯೇ ತೋ ಪೂರಾ ನಮಕ್ ಹೈ!" ಬರೀ ಉಪ್ಪು ಎಂದು ಕೈಗೇ ಉಗುಳಿದಳು. ಮಿಕ್ಕವರು ನಕ್ಕರು, ಕಚ್ಚಿದರು, ನಗು ನಿಲ್ಲಿಸಿದರು. ನೀರಿನ ಡ್ರಮ್ಮಿನ ಸುತ್ತ ಗದ್ದಲವಾಯಿತು. ಹತ್ತು ನಿಮಿಷದಲ್ಲಿ ಕುರ್ಚಿಗಳ ಕೆಳಗೆಲ್ಲ ಒಂದೊಂದೇ ಕಚ್ಚು ಬಿದ್ದ ತುಂಡುಗಳು. ಯಾರೋ ತಂದೆಯೊಬ್ಬರು ಫೋನು ತೆಗೆದು, ಅಡಿಯಿಲ್ಲದ ಪಿಜ್ಜಾ ಇಪ್ಪತ್ತು ಡಬ್ಬಿ ಹೇಳಿದರು.

ಸಂಜೀವಣ್ಣ ಬಗ್ಗಿ ಒಂದು ತುಂಡು ಎತ್ತಿಕೊಂಡರು. ಅಂಚು ಎತ್ತಿ ಅಡಿ ನೋಡಿದರು. ಅಡಿ ಸರಿಯಾಗಿಯೇ ಇತ್ತು. ಅದನ್ನು ನಿಧಾನಕ್ಕೆ, ಪೂರ್ತಿ ತಿಂದು ಮುಗಿಸಿದರು, ಮುಖದಲ್ಲಿ ಏನೂ ಆಗಲಿಲ್ಲ. ಆಮೇಲೆ ನನ್ನ ಕಡೆ ನೋಡಿದರು. ನಾನು ಗಣಪತಿಯ ಕಡೆ ನೋಡಿದೆ.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ "ಸಮಾಧಾನ ತಗೋರಿ" ಎನ್ನಬಹುದಿತ್ತು. ಭಾನುವಾರದ ತಟ್ಟೆ ನಿಂತಿತು. ಲಿಫ್ಟಿನಲ್ಲಿ ಸಿಕ್ಕರೆ "ಮಳೆ ಜೋರುಂಟು" ಎನ್ನುತ್ತಿದ್ದರು, ಮಳೆ ಇಲ್ಲದ ದಿನವೂ.

ಅಷ್ಟರಲ್ಲಿ ಬಿಲ್ಡಿಂಗು ಕೆಡವಿ ಹೊಸದು ಕಟ್ಟುವ ಮಾತು ಪಕ್ಕಾ ಆಗಿ, ಎಲ್ಲರೂ ಬಾಡಿಗೆ ಮನೆ ಹುಡುಕಿಕೊಂಡರು. ಸಂಜೀವಣ್ಣ ವಿರಾರ್ ಕಡೆ ಹೊರಟರು. ಹೊರಡುವ ಹಿಂದಿನ ಸಂಜೆ ನಮ್ಮ ಬಾಗಿಲು ಬಡಿದು, ಅದೇ ತಟ್ಟೆ ಮುಂದೆ ಹಿಡಿದರು. ಬಿಸಿ ಪಿಜ್ಜಾ, ಒಂದೇ ತುಂಡು. "ಕೊನೆಯದ್ದು. ಕಾವಲಿ ನಾಳೆ ಟೆಂಪೋಗೆ ಹೋಗ್ತದೆ. ತಿಂದು ಹೇಳಿ."

ಕ್ಷಮಿಸಿದ್ದಾರೆ ಎಂದುಕೊಂಡೆ. ನಿಂತಲ್ಲೇ ಕಚ್ಚಿ, ಅಗಿದೂ ಅಗಿಯದ ಹಾಗೆ ನುಂಗಿ, ಬಾಯಿ ತಾನಾಗಿ ಹೇಳಿತು: "ಈ ಸಲ ಎಲ್ಲಾ ಸಮ ಆಗೇದ್ರಿ. ಉಪ್ಪಂತೂ ಕರೆಕ್ಟ್."

"ಉಪ್ಪು ಹಾಕ್ಲಿಲ್ಲ" ಎಂದರು ಸಂಜೀವಣ್ಣ. "ಹಿಟ್ಟಿಗೂ ಇಲ್ಲ, ಟೊಮೆಟೊಕ್ಕೂ ಇಲ್ಲ, ಚೀಸಿಗೂ ಇಲ್ಲ."

ನಾನು ಕಚ್ಚಿದ ತುಂಡನ್ನು ತಟ್ಟೆಗೆ ಇಟ್ಟೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳುವ ಆಸೆಯಿತ್ತು. "ನನ್ನ ನಾಲಿಗೆ ಜ್ವರದಲ್ಲಿ ಹೋಯ್ತು, ಸೆಕ್ರೆಟ್ರಿಗಳೇ. ನಿಮ್ಮದಕ್ಕೆ ಎಂತಾಯ್ತು?"

ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲಿಳಿದರು. ಎರಡು ವರ್ಷದ ಮೇಲೆ ವಿರಾರಿನಲ್ಲಿ ತೀರಿಕೊಂಡರು ಎಂದು ಕುಸುಮಕ್ಕ ಫೋನು ಮಾಡಿದರು. ಅಲ್ಲೂ ಭಾನುವಾರ ಪಿಜ್ಜಾ ಮಾಡುತ್ತಿದ್ದರಂತೆ. ರುಚಿ ನೋಡುತ್ತಿದ್ದದ್ದು ಕುಸುಮಕ್ಕನೇ, ಮೂಗು ಮುಚ್ಚಿಕೊಂಡು, ಬೈದುಕೊಂಡು. "ಕಡೆಕಡೆಗೆ ಒಳ್ಳೆದೇ ಆಗ್ತಿತ್ತು ಮಾರಾಯ್ರೆ. ಒಳ್ಳೆದುಂಟು ಅಂದ್ರೆ ನಾಲ್ಕು ಸಲ ಕೇಳ್ತಿದ್ರು, ನಿಜವಾ ನಿಜವಾ ಅಂತ" ಎಂದು ಅತ್ತರು.

ಆ ತಟ್ಟೆ ನಮ್ಮ ಬಾಡಿಗೆ ಮನೆಯಲ್ಲೇ ಇದೆ. ಕುಸುಮಕ್ಕನಿಗೆ ಕೊಟ್ಟು ಬರೋಣ ಎಂದು ಪ್ರತಿ ತಿಂಗಳು ತೆಗೆಯುತ್ತೇನೆ. ಬರಿದಾಗಿ ಕೊಡುವ ಹಾಗಿಲ್ಲ ಎನ್ನುತ್ತಾಳೆ ಸುನಂದಾ. ಅದರಲ್ಲಿ ಏನು ಹಾಕಬೇಕು ಎಂದು ತೋಚದೆ, ಒರೆಸಿ ಮತ್ತೆ ಶೆಲ್ಫಿನಲ್ಲಿಡುತ್ತೇನೆ.